ಗುಡ್ಡದ ಅಜ್ಜಿ ಇಳಿಸದ ಹಸು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಊರು ನಮ್ಮ ಸೀಮೆಯದಲ್ಲ, ಆಫ್ರಿಕಾದ ದಕ್ಷಿಣ ಭಾಗದ ಬಸುಟೋಲ್ಯಾಂಡ್ ಎಂಬ ಗುಡ್ಡನಾಡಿನದು. ಬಯಲಿನ ಒಳ್ಳೊಳ್ಳೆಯ ಹೊಲಗಳನ್ನೆಲ್ಲ ಬಿಳಿಯ ರೈತರು ಕಿತ್ತುಕೊಂಡಾಗ, ಗುಡ್ಡವಾದರೂ ಉಳಿಯಲೆಂದು ಅಲ್ಲಿನ ಅರಸ ಇಂಗ್ಲೆಂಡಿನ ರಾಣಿಯ ಆಶ್ರಯ ಕೇಳಿದ್ದ. ಆಶ್ರಯ ಸಿಕ್ಕಿತು. ಆಶ್ರಯದ ಹಿಂದೆಯೇ ಅಧಿಕಾರಿಗಳೂ ಬಂದರು!

ನಮ್ಮ ಶ್ರೀಮಂತನಿಗೆ ಹಿಂಡುಗಟ್ಟಲೆ ದನ. ಆದರೆ ದೊಡ್ಡಿ ಮಾತ್ರ ಅರ್ಧ ಖಾಲಿ. ಯಾಕೆ? ಅಲ್ಲೊಂದು ಪದ್ಧತಿ ಇತ್ತು ನೋಡಿ, ಮಾಫಿಸಾ ಅಂತ. ದನ ಇದ್ದವರು ಇಲ್ಲದವರ ಮನೆಗೆ ಸಾಕಲು ಕೊಡಬೇಕು. ಹಸು ಇವನದೇ, ಹಾಲು ಅವರದು. ಚೆನ್ನಾಗಿ ಸಾಕಿದವರಿಗೆ ಕರುವೂ ಸಿಗುತ್ತಿತ್ತು.

ಒಂದು ದಿನ ಬಿಳಿ ಅಧಿಕಾರಿಯೊಬ್ಬ ದೊಡ್ಡಿ ನೋಡಿ, "ಇಷ್ಟೇನಾ? ಭಾರೀ ಸಾಹುಕಾರ್ರು ಅಂದಿದ್ರು!" ಎಂದು ನಕ್ಕ. ಅಷ್ಟೇ! ಶ್ರೀಮಂತನಿಗೆ ಅನ್ನ ಸೇರಲಿಲ್ಲ. ಕೊಟ್ಟ ದನವನ್ನೆಲ್ಲ ಹೊಡೆದುಕೊಂಡು ಬನ್ನಿ ಎಂದು ಮನೆಮನೆಗೂ ಹೇಳಿ ಕಳಿಸಿದ.

"ಅವನೊಬ್ಬ ನೋಡ್ಲಿ ಅಂತ ಊರ ಮಕ್ಕಳ ಹಾಲು ತಪ್ಪಿಸ್ತೀರಾ?" ಎಂದಳು ಹೆಂಡತಿ. ಕೇಳುವವರು ಯಾರು?

ದನವೆಲ್ಲ ಬಂತು, ಗುಡ್ಡದ ತುದಿಯ ಅಜ್ಜಿಯ ಮನೆಯದೊಂದು ಬಿಟ್ಟು. ಶ್ರೀಮಂತ ತಾನೇ ಗುಡ್ಡ ಹತ್ತಿದ.

"ಅಜ್ಜಿ, ನನ್ನ ಹಸು ಎಲ್ಲಿ?"

"ತುಂಬು ಗಬ್ಬ ಕಣಪ್ಪ. ಈ ಇಳಿಜಾರಲ್ಲಿ ಬಿದ್ರೆ ಯಾರು ಗತಿ? ಈಯ್ಲಿ, ಆಮೇಲೆ ಬಾ. ಈಗ ಕೂತ್ಕೊ, ನಿಂಗೇ ಏದುಸಿರು ಬರ್ತೈತೆ!"

ಬೈದುಕೊಂಡು ಇಳಿದ. ಆ ವರ್ಷವೇ ದನಗಳ ಮಾರಿ ಬಂತು. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದರಲ್ಲ, ಅದೇ. ಮೈಗೆ ಮೈ ತಾಗುವಂತೆ ತುಂಬಿದ ದೊಡ್ಡಿ. ಒಂದರಿಂದ ಒಂದಕ್ಕೆ ಹಬ್ಬಿ ಎಲ್ಲವೂ ಸತ್ತವು. ಅಧಿಕಾರಿ ಮತ್ತೆ ಬಂದ, ದನ ನೋಡಲು ಅಲ್ಲ, ರೋಗದ ಊರೆಂದು ದಾರಿ ಮುಚ್ಚಿಸಲು! ಶ್ರೀಮಂತ ದೊಡ್ಡಿಯಲ್ಲಿ ಕೂತು ಗೊಳೋ ಎಂದು ಅತ್ತ.

ರೋಗ ಅಡಗಿದ ಮೇಲೆ ಅಜ್ಜಿ ಹಸುಕರು ಹೊಡೆದುಕೊಂಡು ಬಂದಳು. "ತಗೋ, ನಿಂದು."

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. "ಹಸು ನಿನ್ನ ಹತ್ರಾನೇ ಇರಲಿ ಅಜ್ಜಿ. ಕರು ಪೂರ್ತಿ ನಿಂದೇ."

"ಹಂಗಾದ್ರೆ ಈಗ ಮನೇಲಿ ದನ ಇರೋಳು ನಾನು, ಇಲ್ದೋನು ನೀನು! ಈ ಕರು ತಾಯಿ ಹಾಲು ಕುಡಿಯೋದು ಬಿಡ್ಲಿ, ಆಮೇಲೆ ಸಾಕೋಕೆ ನಿನ್ನ ಮನೆಗೇ ಕೊಡ್ತೀನಿ. ಚೆನ್ನಾಗಿ ಸಾಕ್ಬೇಕು, ನೋಡೋಕೆ ಬರ್ತೀನಿ."

ಅಷ್ಟು ದಿನ ಅಳುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯಂತೂ ಅವನಿಗಿಂತ ಮೊದಲೇ ನಕ್ಕಿದ್ದಳು.

ನೀವೂ ನಗುತ್ತಿದ್ದೀರಿ. ನಗಿ, ನಗಿ. ಆದರೆ ತಾಯಂದಿರೇ, ನಿಮ್ಮ ಮನೆಯ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಅದರ ಮೇಲೆ ಟಿ.ವಿ. ಕೂರಿಸಿದ್ದೀರಲ್ಲ, ಎಷ್ಟು ಕಾಲವಾಯಿತು? ಎದುರು ಮನೆಯ ಹೆಣ್ಣುಮಗಳು ಅದರಲ್ಲಿ ರವಿಕೆ ಹೊಲಿದು ಸಂಸಾರ ನಡೆಸಬಲ್ಲಳು. ಅಣ್ಣಂದಿರೇ, ನೆಂಟರು ನೋಡಲೆಂದು ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳು ಯಾರಿಗಾಗಿ? ದಾನ ಮಾಡಿ ಎನ್ನುತ್ತಿಲ್ಲ, ಗಾಬರಿಯಾಗಬೇಡಿ! ನಿಮ್ಮದು ನಿಮ್ಮದೇ. ಬಳಸುವವರ ಕೈಯಲ್ಲಿ ಇಡಿ, ಅಷ್ಟೆ. ಇವತ್ತು ಮನೆಗೆ ಹೋದವರು ಕಾಲು ತೊಳೆದುಕೊಂಡು, ಮೊದಲು ಆ ಟಿ.ವಿ. ಕೆಳಗಿಳಿಸಿ.