ಲೈನ್ ನಡೆದು ನೋಡಿ

ದೀಪ ಸ್ವಲ್ಪ ಸಣ್ಣ ಮಾಡಿ. ಪೂರ್ತಿ ಆರಿಸಬೇಡಿ, ಬೇಡ... ಇದು ನನ್ನ ಚಿಕ್ಕಪ್ಪನ ಮಗ ದೀಪುವಿಗೆ ಆದದ್ದು. ಯಾರೋ ಯಾರಿಗೋ ಹೇಳಿದ ಕತೆ ಅಲ್ಲ. ನಂಬಿಕೆ ಬರದಿದ್ದವರು ನಾಳೆ ಬಾಳಗಡಿಗೆ ಹೋಗಿ ಅವನ ಬಲಗೈ ನೋಡಿಕೊಂಡು ಬನ್ನಿ. ಎರಡು ಬೆರಳಿಲ್ಲ.

ಎರಡು ಸಾವಿರದ ಎಂಟನೇ ಇಸವಿ, ಶಿವರಾತ್ರಿ ಕಳೆದು ಎಂಟು ದಿನ. ದೀಪುವಿಗೆ ಬಾಳಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಪ್ಪು ತನ್ನದಾದಾಗ ಮಾತ್ರ ಬಾಯಿಗೆ ಬೀಗ. ಆ ಸಂಜೆ ಭಂಡಿಗಡಿಯಲ್ಲಿ ಕಡೇ ಬಸ್ಸಿಳಿದು, ಟಾರ್ಚು ಹಿಡಿದು, ನಾರಾಯಣನ ಮನೆಯ ಕಡೆ ನಡೆದಿದ್ದ.

ನಾರಾಯಣ ನಾಲ್ಕು ಜನ ಹೆದರುವಂಥ ಜಮೀನುದಾರ. ಅಡಿಕೆ ಧಾರಣೆ ನೋಡಲಿಕ್ಕೆಂದು ಲ್ಯಾಪ್‌ಟಾಪ್ ಕೊಂಡಿದ್ದ. ವೈರಸ್ ಕಾಟ ಇರುವುದಿಲ್ಲ ಎಂದು ದೀಪು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. ಈಗ ಎಂಟು ದಿನದಿಂದ, ರಾತ್ರಿ ಎಂಟೂವರೆಯಾಯಿತೆಂದರೆ ಇಂಟರ್ನೆಟ್ ಸಾಯುತ್ತಿತ್ತು. ಬೆಳಗಾದರೆ ತಾನೇ ಬದುಕುತ್ತಿತ್ತು. ಹಗಲು ಹೋದರೆ ರೋಗ ಕಾಣದು, ಅದಕ್ಕೇ ಈ ಹೊತ್ತಿನಲ್ಲಿ ಹೊರಟದ್ದು.

ಫೋನಿನ ಕಂಬಗಳು ರಸ್ತೆಗೇ ಮುಗಿಯುತ್ತವೆ. ಅಲ್ಲಿಂದ ಮನೆಯವರೆಗೆ, ಒಂದು ಮೈಲಿ, ಮರದಿಂದ ಮರಕ್ಕೆ ಕಟ್ಟಿದ ಕರಿ ತಂತಿ. ಮರ ಹತ್ತಿ ಅದನ್ನು ಕಟ್ಟಿದವನು ನಾರಾಯಣನ ಆಳು ಗುರುವ. ಹೋದ ಕಾರ್ತಿಕದಲ್ಲಿ ಆ ಗುರುವ ಎನ್.ಆರ್.ಪುರದ ಕಡೆ ಓಡಿಹೋದ ಎಂದು ಊರೆಲ್ಲ ಸುದ್ದಿ. ತಂತಿ ಕದ್ದ, ಸಿಕ್ಕಿಬಿದ್ದ, ಓಡಿದ.

ಆ ಸುದ್ದಿಯ ಬುಡದಲ್ಲಿ ನಮ್ಮ ದೀಪು ಇದ್ದ.

ಕಾರ್ತಿಕದಲ್ಲೂ ಒಮ್ಮೆ ಇಂಟರ್ನೆಟ್ ನಿಂತಿತ್ತು. ಫೋನಿನಲ್ಲಿ ಮಾತು ಬರುತ್ತಿತ್ತು, ಇಂಟರ್ನೆಟ್ ಮಾತ್ರ ಇಲ್ಲ. ದೀಪು ಬಂದು ಹತ್ತು ನಿಮಿಷ ಕೀಲಿ ಒತ್ತಿದ. "ಯಾರೋ ನಡುವೆ ಒಳ್ಳೆ ತಾಮ್ರದ ತಂತಿ ತೆಗೆದು ಹಳೇದು ಸೇರಿಸಿದಾರೆ ನಾರಾಯಣಣ್ಣ" ಎಂದುಬಿಟ್ಟ. ಲೈನ್ ನಡೆದು ನೋಡಲಿಲ್ಲ. ಬಿಸಿಲಿತ್ತು, ಬಸ್ಸಿನ ಹೊತ್ತಾಗಿತ್ತು. ಎರಡು ದಿನ ಬಿಟ್ಟು ಬಂದಾಗ ಗೊತ್ತಾಯಿತು, ತಂತಿಗೆ ಏನೂ ಆಗಿರಲಿಲ್ಲ. ಹಿಂದಿನ ಸಲ ಬಂದಾಗ ತಾನೇ ಲ್ಯಾಪ್‌ಟಾಪಿನಲ್ಲಿ ಒಂದು ಸೆಟ್ಟಿಂಗ್ ಕೆಡಿಸಿಟ್ಟು ಹೋಗಿದ್ದ. ಸದ್ದಿಲ್ಲದೆ ಸರಿಮಾಡಿದ. ಅಷ್ಟರಲ್ಲಿ ಗುರುವ ಓಡಿಹೋಗಿದ್ದಾನೆ ಎಂದರು. ಓಡಿದವನು ಕಳ್ಳನೇ ಇರಬೇಕು ಎಂದುಕೊಂಡು ದೀಪು ಬಾಯಿ ಮುಚ್ಚಿಕೊಂಡ. ಆದರೂ ನಾಲ್ಕು ತಿಂಗಳು ಅದು ಗಂಟಲಲ್ಲಿ ಮೀನುಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

ದಾರಿಯಲ್ಲಿ ಗುರುವನ ಗುಡಿಸಲು. ಅವನ ಹೆಂಡತಿ ಭೈರಮ್ಮ ಬಾಗಿಲಲ್ಲಿ ಕೂತಿದ್ದಳು.

"ಅಯ್ಯಾ... ಪೇಟೆ ಕಡೆ ನಮ್ಮನೆಯವ್ರು ಎಲ್ಲಾದ್ರೂ ಕಂಡ್ರಾ?"

"ಇಲ್ಲ ಭೈರಮ್ಮ."

ದೀಪು ಬಿರಬಿರನೆ ಮುಂದೆ ಹೋದ.

ಆಮೇಲೆ ಪಾಳುಬಾವಿ. ಕಟ್ಟೆ ಕುಸಿದು, ಅರ್ಧ ಹೂತುಹೋದ ಬಾವಿ. ತಂತಿ ಅದರ ಮೇಲೆಯೇ ಹಾದುಹೋಗುತ್ತದೆ. ಗಾಳಿ ಇರಲಿಲ್ಲ. ಆದರೂ ತಂತಿ ಕೊಂಬೆಗೆ ಉಜ್ಜುತ್ತಿತ್ತು. ಕಿರ್ರ್... ಕಿರ್ರ್...

"ಕೂ..."

ಒಂದೇ ಸಲ.

ನಮ್ಮ ಕಡೆ ಒಂದು ನಿಯಮ ಇದೆ, ನಿಮಗೂ ಗೊತ್ತು. ಕತ್ತಲಲ್ಲಿ ಒಂದೇ ಕೂಗಿಗೆ ಓಗೊಡಬಾರದು. ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ. ದೀಪು ಓದಿದವನು ನೋಡಿ, ಇಂಥದ್ದಕ್ಕೆಲ್ಲ ನಗುವವನು. ನಾರಾಯಣನೇ ಟಾರ್ಚು ಹಿಡಿದು ಎದುರು ಬಂದನೇನೋ ಎಂದುಕೊಂಡ.

"ಓ..." ಎಂದ.

ಎರಡನೇ ಕೂಗು ಬರಲಿಲ್ಲ.

ಮನೆಯಲ್ಲಿ ನಾರಾಯಣ ಒಬ್ಬನೇ. ಉಳಿದವರು ಶೃಂಗೇರಿಗೆ ಮದುವೆಗೆ ಹೋಗಿದ್ದರು.

"ನೀವು ಕೂ ಹಾಕಿದ್ರಾ?" ಎಂದು ದೀಪು ಕೇಳಿದ.

"ನಾನ್ಯಾಕೆ ಹಾಕ್ಲಿ ಮಾರಾಯ? ಬಾ, ಎಂಟೂವರೆ ಆಯ್ತು. ನೋಡು, ಹೋಯ್ತು."

ದೀಪು ಕೂತ. ಫೋನಿನ ತಂತಿ ಬಂದು ಸೇರುವ ಡಬ್ಬಿ, ಮೋಡೆಮ್ಮು, ಅದರ ಹಸಿರು ದೀಪ ಉರಿಯುತ್ತಿತ್ತು. ಅದರಿಂದ ಲ್ಯಾಪ್‌ಟಾಪಿಗೆ ಬರುವ ಕೇಬಲ್ ಬಿಗಿಯಾಗಿತ್ತು. ಕಪ್ಪು ಪರದೆ ತೆರೆದು ಪಿಂಗ್ ಕೊಟ್ಟ. ಪಿಂಗ್ ಅಂದರೆ ಬೇರೇನಲ್ಲ, ಕೂ ಹಾಕುವುದೇ. ಲ್ಯಾಪ್‌ಟಾಪು ಸೆಕೆಂಡಿಗೊಮ್ಮೆ ಮೋಡೆಮ್ಮನ್ನು ಕರೆಯುತ್ತದೆ, ಅದು ಓ ಅನ್ನಬೇಕು. ಓ ಬರಲು ಎಷ್ಟು ಹೊತ್ತಾಯಿತೆಂದು ಪ್ರತಿ ಸಾಲಿನ ಕೊನೆಯಲ್ಲಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಂಕಿ ಬೀಳುತ್ತದೆ. ದೂರ ಇದ್ದರೆ ದೊಡ್ಡ ಅಂಕಿ, ಹತ್ತಿರ ಇದ್ದರೆ ಸಣ್ಣದು. ಮೋಡೆಮ್ ಇದ್ದದ್ದು ಪಕ್ಕದ ಮೇಜಿನ ಮೇಲೆ. ಒಂದೋ ಎರಡೋ ಬರಬೇಕು.

ಬಂದದ್ದು ಮೂರು ಸಾವಿರ.

"ಇಷ್ಟು ದೂರದಿಂದ ಯಾರು ಓ ಅಂತಿದಾರೆ..." ಎಂದು ದೀಪು ಗೊಣಗಿದ.

ಆಗ ಕರೆಂಟ್ ಹೋಯಿತು. ಮೋಡೆಮ್ಮಿನ ದೀಪ ಆರಿತು. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉರಿಯುತ್ತಲೇ ಇತ್ತು. ಮೋಡೆಮ್ ಸತ್ತ ಮೇಲೆ ಓಗೊಡುವವರು ಯಾರೂ ಇರಬಾರದು.

ಎರಡು ಸಾವಿರದ ಆರುನೂರು. ಎರಡು ಸಾವಿರದ ನೂರು.

ದೀಪು ಕೇಬಲನ್ನೇ ಕಿತ್ತು ಕೈಯಲ್ಲಿ ಹಿಡಿದ.

ಸಾವಿರದ ಐನೂರು.

ಹೊರಗೆ ಕಿರ್ರ್... ಕಿರ್ರ್... ಮೊದಲು ಬಾವಿಯ ಕಡೆ. ಆಮೇಲೆ ಗೇಟಿನ ಹಲಸಿನ ಮರದಲ್ಲಿ. ಒಂದೊಂದು ಕಿರ್ರಿಗೂ ಪರದೆಯ ಮೇಲೆ ಒಂದೊಂದು ಸಾಲು.

ಗೋಡೆಯ ಫೋನಿನ ಗಂಟೆ ಹೊಡೆಯಿತು. ಒಂದೇ ಸಲ. ನಾರಾಯಣ ಎತ್ತಿದ. ಕೇಳಿದ. ರಿಸೀವರು ದೀಪುವಿನ ಕಡೆ ಚಾಚಿದ.

"ನಿಂಗಂತೆ" ಎಂದ, ಪಿಸುದನಿಯಲ್ಲಿ.

ಬಾಯಿ ತುಂಬ ಮಣ್ಣಿಟ್ಟುಕೊಂಡು ಆಡಿದಂಥ ಮಾತು.

"ದೀಪಣ್ಣಾ... ಒಂದ್ಸಲ ಲೈನ್ ನಡ್ದು ನೋಡಿ..."

"ಏನಂತಾನೆ?" ಎಂದ ನಾರಾಯಣ.

"ಲೈನ್ ನಡ್ದು ನೋಡಿ ಅಂತ."

ನಾರಾಯಣ ಗೋಡೆಗೆ ಒರಗಿದ. "ಅವತ್ತೂ ಅದನ್ನೇ ಹೇಳ್ತಿದ್ದ. ಹೊಡೆತ ಬಿದ್ದಾಗೆಲ್ಲ ಅದೇ ಒಂದು ಮಾತು."

ದೀಪುವಿಗೆ ಎಲ್ಲ ತಿಳಿದುಹೋಯಿತು. ನಾಲ್ಕು ತಿಂಗಳ ಬೀಗ ಆಗ ಕಳಚಿತು.

"ನಾರಾಯಣಣ್ಣ, ಗುರುವ ಕದ್ದಿರ್ಲಿಲ್ಲ. ತಂತಿ ಸರಿಯೇ ಇತ್ತು. ತಪ್ಪು ನಂದು. ಇದರಲ್ಲೇ ಸೆಟ್ಟಿಂಗ್ ಕೆಡಿಸಿದ್ದೆ ನಾನು."

"ಮತ್ತೆ ಹೇಳು."

"ಅವನು ಕದ್ದಿರ್ಲಿಲ್ಲ. ಎಲ್ಲಿದಾನೆ ಗುರುವ?"

"ಬಾವೀಲಿ" ಎಂದ ನಾರಾಯಣ. "ಮಿಕ್ಕಿದ್ದ ಅದೇ ತಂತೀಲಿ ಕಟ್ಟಿ ಹೊಡೆದೆ. ಕೂಗ್ತಾನೆ ಅಂತ ಬಾಯಿಗೆ ಮಣ್ಣು ತುಂಬಿದೆ. ನಿನ್ನೊಂದು ಮಾತಿಗೆ ಜೀವ ತೆಗ್ದೆನಲ್ಲೋ..."

ಎಂಟುನೂರು. ನಾನೂರು.

ಬಾಗಿಲ ಸಂದಿನಲ್ಲಿ ಸೊಪ್ಪು ಕಡಿಯುವ ಕತ್ತಿ ಇತ್ತು. ನಾರಾಯಣ ಅದನ್ನು ಎಳೆದುಕೊಂಡ. ಸಿಟ್ಟಿಗೋ, ಗುಟ್ಟು ತಿಳಿದವನನ್ನು ಬಿಡಬಾರದು ಎಂದೋ, ಅವನಿಗೇ ಗೊತ್ತು. ದೀಪು ತಲೆಗೆ ಕೈ ಅಡ್ಡ ಹಿಡಿದ. ಖಚಕ್... ಎರಡು ಬೆರಳು ಕೀಲಿಗಳ ಮೇಲೆ ಬಿದ್ದವು. ರಕ್ತ ಪರದೆಗೆ ಚಿಮ್ಮಿತು. ನಾರಾಯಣ ಕತ್ತಿಯನ್ನು ಮತ್ತೆ ಎತ್ತಿದ.

ರಕ್ತದ ಹಿಂದೆ ಅಂಕಿ ಕಾಣುತ್ತಿತ್ತು. ಒಂದು.

ಕಿಟಕಿಯಿಂದ ಒಳಗೆ ಬಂದ ಫೋನಿನ ತಂತಿ ಟಪ್ ಎಂದು ಬಿಗಿಯಿತು. ಎತ್ತಿದ ಕೈಗೆ ಒಂದು ಸುತ್ತು. ಕುತ್ತಿಗೆಗೆ ಎರಡು. ನಾರಾಯಣನ ಬಾಯಿಂದ ಮಾತು ಬರಲಿಲ್ಲ, ಗೊರ್ ಎಂದಷ್ಟೇ. ಹೊರಗಿನಿಂದ ಒಂದು ಎಳೆತ. ಹಣೆ ಕಿಟಕಿಯ ಸರಳಿಗೆ ಬಡಿಯಿತು, ಟಣ್. ಮತ್ತೊಂದು ಎಳೆತ, ಟಣ್. ಮೂರನೆಯದಕ್ಕೆ ಸರಳು ಕಿತ್ತು ಬಂತು, ಮೂಳೆಯೂ ಮುರಿಯಿತು. ಆ ದಪ್ಪ ಮನುಷ್ಯ ಬೆಕ್ಕು ನುಸುಳುವಷ್ಟು ಜಾಗದಲ್ಲಿ ಹೊರಗೆ ಹೋದ. ಅಂಗಳದ ಜಲ್ಲಿಯ ಮೇಲೆ ಎಳೆದ ಸದ್ದು, ಪರಪರಪರ... ದೂರ ದೂರವಾಗಿ, ಕೊನೆಗೆ ಬಾವಿಯ ಕಡೆ ಒಂದು ಧೊಪ್.

ದೀಪು ಮೇಜಿನ ಅಡಿ ಕೂತಿದ್ದ. ಹಸಿ ಮಣ್ಣಿನ ವಾಸನೆ ಮುಖದ ಹತ್ತಿರ ಬಂತು. ಕಿವಿಯ ಪಕ್ಕದಲ್ಲಿ ಯಾರೋ ಉಸಿರಾಡಿದರು. ಅವನು ಕಣ್ಣು ಮುಚ್ಚಿ, "ತಪ್ಪಾಯ್ತು ಗುರುವ... ತಪ್ಪಾಯ್ತು" ಎನ್ನುತ್ತಲೇ ಇದ್ದ. ಹಾಗೇ ಜ್ಞಾನ ತಪ್ಪಿತು.

ಬೆಳಗ್ಗೆ ಹಾಲು ತಂದ ಪುಟ್ಟಯ್ಯ ನೋಡಿ ಬೊಬ್ಬೆ ಹೊಡೆದ. ಸುದ್ದಿ ತಿಳಿದು ಓಡಿದವರಲ್ಲಿ ನಾನೂ ಒಬ್ಬ. ಬಾವಿಯಿಂದ ಮೊದಲು ನಾರಾಯಣನನ್ನು ತೆಗೆದರು. ಅವನ ಕೆಳಗೆ, ಮಣ್ಣಿನಡಿ, ಗುರುವ. ಬಾಯಿ ತುಂಬ ಮಣ್ಣು. ಪೊಲೀಸರ ಜೊತೆ ನಾವು ರಸ್ತೆಯಿಂದ ಮನೆಯವರೆಗೆ ಲೈನ್ ನಡೆದು ನೋಡಿದೆವು. ಎಲ್ಲೂ ತುಂಡಿಲ್ಲ, ನಡುವೆ ಸೇರಿಸಿದ ಒಂದು ಗಂಟೂ ಇಲ್ಲ. ಗುರುವ ಕಟ್ಟಿದ ಹಾಗೇ, ಮರದಿಂದ ಮರಕ್ಕೆ ನೆಟ್ಟಗೆ ಇತ್ತು.

ಇದಕ್ಕೆಲ್ಲ ಮೊದಲೇ, ಕೈಗೆ ಬಟ್ಟೆ ಸುತ್ತಿ ದೀಪುವನ್ನು ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಹೊರಡಿಸಿದ್ದೆವು. ಅವನು ಭೈರಮ್ಮನ ಗುಡಿಸಲ ಮುಂದೆ ಜೀಪು ನಿಲ್ಲಿಸಲು ಹೇಳಿದ. ಒಂದೂ ಮುಚ್ಚಿಡದೆ ಎಲ್ಲ ಹೇಳಿದ. ಅವಳು ಅಳಲಿಲ್ಲ.

"ಲೈನ್ ನಡ್ದು ನೋಡಕ್ಕೆ ಎಷ್ಟೊತ್ತು ಬೇಕಿತ್ತು ಅಯ್ಯಾ?"

"ಅರ್ಧ ಗಂಟೆ."

"ಅರ್ಧ ಗಂಟೆ" ಎಂದಳು ಅವಳು. ಬಾಗಿಲು ಹಾಕಿಕೊಂಡಳು.

ಇವತ್ತಿಗೂ ದೀಪು ಒಂದೇ ಕೂಗಿಗೆ ಓಗೊಡುವುದಿಲ್ಲ. ಹೆತ್ತ ತಾಯಿ ಊಟಕ್ಕೆ ಕರೆದರೂ ಮೂರನೇ ಸಲಕ್ಕೇ ಏಳುವುದು.

ನಗುವವರು ನಗಿ. ಅವನು ಸುಳ್ಳು ಹೇಳಿರಬಹುದು, ನಾನು ಹೇಳುವುದಿಲ್ಲ. ಆ ಬೆಳಗ್ಗೆ ಒಳಗೆ ಹೋದಾಗ ಕರೆಂಟ್ ಬಂದಿತ್ತು, ಲ್ಯಾಪ್‌ಟಾಪು ಇನ್ನೂ ನಡೆಯುತ್ತಿತ್ತು. ಕೇಬಲ್ ನೆಲದ ಮೇಲೆ ಬಿದ್ದಿತ್ತು. ಪಿಂಗನ್ನು ನಿಲ್ಲಿಸಿದವನು ನಾನೇ, ಈ ಕೈಯಲ್ಲೇ. ನಿಲ್ಲಿಸಿದರೆ ಅದು ಕೊನೆಗೆ ಒಟ್ಟು ಲೆಕ್ಕ ತೋರಿಸುತ್ತದೆ. ಕರೆದದ್ದು ಮೂವತ್ತನಾಲ್ಕು ಸಾವಿರದ ಎಂಟುನೂರ ಆರು ಸಲ. ಓಗೊಟ್ಟದ್ದು ಮೂವತ್ತನಾಲ್ಕು ಸಾವಿರದ ಎಂಟುನೂರ ಏಳು.