ಪೀಠ ಬಂತು, ಕೋಪೆಲ್ ಮಾಮ

…ಅಲ್ಲ ಮಾಮ, ಅಷ್ಟು ಒಳ್ಳೆ ಚರ್ಮದ ಕುರ್ಚಿ ಇದೆ, ನೀವು ಹೋಗಿ ಹೋಗಿ ಆ ಮೋಟು ಸ್ಟೂಲ್ ಮೇಲೆ ಕೂತ್ರಲ್ಲ! ಮೇಲಿನ ಪುಸ್ತಕ ತೆಗೆಯೋಕೆ ಇಟ್ಟಿರೋದು ಅದು. ಏಳಿ, ಏಳಿ... ಬೇಡ್ವಾ? ಸರಿ ಬಿಡಿ. ಟೋಪಿ ಅಂಗಡಿ ಮುಚ್ಚಿ, ಟ್ರಾಮ್ ಹಿಡಿದು, ಈ ವಯಸ್ಸಲ್ಲಿ ಇಷ್ಟು ಮೆಟ್ಟಿಲು ಹತ್ತಿ ಬಂದಿದೀರಿ, ಎಲ್ಲಾದ್ರೂ ಕೂತ್ಕೊಳ್ಳಿ. ಪ್ರೊಫೆಸರ್ ಆಗಿ ನನ್ನ ಮೊದಲ ಉಪನ್ಯಾಸ ಕೇಳೋಕೇ ಬಂದ್ರಿ, ಅಲ್ವಾ?... ಅಲ್ವಾ? ಹೂಂ ಅನ್ನಿ, ಊಹೂಂ ಅನ್ನಿ. ಬಾಯಿಗೇನು ಬೀಗ ಹಾಕ್ಕೊಂಡು ಬಂದ್ರಾ?

ಬಾಗಿಲ ಮೇಲಿನ ಹಲಗೆ ನೋಡಿದ್ರಾ? 'ಪ್ರೊಫೆಸರ್ ಯೂಲಿಯುಸ್ ವೋರ್ಮ್ಸರ್, ಯೆಹೂದಿ ಅಧ್ಯಯನ ಪೀಠ.' ಬಣ್ಣ ಇನ್ನೂ ಹಸಿ, ಮುಟ್ಟಿಲ್ಲ ತಾನೇ? ಇನ್ನೇನು ಡೀನ್ ಸಾಹೇಬ್ರು ಬರ್ತಾರೆ, ನನ್ನನ್ನ ಮೆರವಣಿಗೆ ಮಾಡ್ಕೊಂಡು ಸಭಾಂಗಣಕ್ಕೆ ಕರ್ಕೊಂಡು ಹೋಗೋಕೆ. ಮೇಯರ್ ಬರ್ತಾರಂತೆ. ಬಿಷಪ್ಪೂ ಬರ್ತಾರಂತೆ! ಪಿಟೀಲು ಬಾರಿಸೋರನ್ನೂ ಕರೆಸಿದಾರೆ. ಯೆಹೂದಿಗಳು ಎಲ್ಲಿ ಅಂತೀರಾ? ನಾನೊಬ್ಬ ಇದೀನಲ್ಲ, ಸಾಲದಾ?

ನಗಬೇಡಿ ಮಾಮ... ಓ, ನಕ್ಕಿಲ್ವಾ. ನಕ್ಕಿದ್ರೆ ಚೆನ್ನಾಗಿರ್ತಿತ್ತು.

ಅಲ್ಲ, ತಮಾಷೆ ನೋಡಿ. ನೂರೈವತ್ತು ವರ್ಷದ ಹಿಂದೆ ಬರ್ಲಿನ್ನಲ್ಲಿ ಒಂದಷ್ಟು ಹುಡುಗರು ಸೇರಿ ಸಂಘ ಕಟ್ಟಿದ್ರು. ಗ್ರೀಕರನ್ನ ಓದ್ತೀರಿ, ರೋಮನ್ನರನ್ನ ಓದ್ತೀರಿ, ನಮ್ಮನ್ನೂ ಹಾಗೇ ಸ್ವಲ್ಪ ಓದ್ರಪ್ಪ ಅಂದ್ರು. ಒಂದು ಪೀಠ ಕೊಡಿ ಅಂತ ಸರ್ಕಾರಕ್ಕೆ ಅರ್ಜಿನೂ ಹೋಯ್ತು. ದೊಡ್ಡೋರು ಏನಂದ್ರು ಗೊತ್ತಾ? ನಿಮಗ್ಯಾಕಯ್ಯಾ ಪೀಠ! ಹೀಬ್ರೂ ತಾನೇ? ನಮ್ಮ ಪಾದ್ರಿಗಳು ಹೇಳ್ಕೊಡ್ತಾರೆ, ಹೋಗಿ. ನಮ್ಮೋರು ಪಾಪ, ಕೈಯಿಂದ ದುಡ್ಡು ಹಾಕಿ ತಮ್ಮದೇ ಶಾಲೆ ಕಟ್ಕೊಂಡ್ರು. ಮೇಷ್ಟ್ರುಗಿರಿ ಮಾಡಿ ಹೊಟ್ಟೆ ಹೊರ್ಕೊಂಡು, ಮಿಕ್ಕ ಹೊತ್ತಲ್ಲಿ ಈ ಗೋಡೆ ತುಂಬಾ ಇದಾವಲ್ಲ, ಈ ಪುಸ್ತಕಗಳನ್ನ ಬರೆದ್ರು. ಆಗ ಊರೂರಲ್ಲಿ ನಾವಿದ್ವಿ, ಪೀಠ ಇರಲಿಲ್ಲ. ಈಗ ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿ, ಅರವತ್ತಾರನೇ ಇಸವಿ... ತಗೊಳ್ಳಿ, ಪೀಠ! ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಶನಿವಾರದ ಪ್ರಾರ್ಥನೆಗೆ ಹತ್ತು ಜನ ಗಂಡಸರು ಸೇರೋಕೆ ನೀವು ಆಸ್ಪತ್ರೆಗೆಲ್ಲ ಫೋನ್ ಮಾಡ್ತೀರಿ. ನನ್ನ ಕ್ಲಾಸಲ್ಲಿ ಕೂರೋಕೆ ಜಾಗ ಇಲ್ಲ! ಎಲ್ಲಾ ಪ್ರೊಟೆಸ್ಟೆಂಟ್ ಮಕ್ಕಳು, ಬಂಗಾರದಂಥವು. ನಿಜವಾದ ಯೆಹೂದಿನ ಮೊದಲ ಸಲ ನೋಡ್ತಿರೋದು ಅಂತ ಕಾಣುತ್ತೆ, ನನ್ನನ್ನ ಪಿಳಿಪಿಳಿ ನೋಡ್ತಾವೆ.

ಆಯ್ಕೆ ಸಮಿತಿಯಲ್ಲಿ ನನ್ನನ್ನ ಏನು ಕೇಳಿದ್ರು ಹೇಳ್ಲಾ? "ಸ್ವಂತ ಜನದ ಬಗ್ಗೆ ನಿಷ್ಪಕ್ಷಪಾತವಾಗಿ ಪಾಠ ಮಾಡೋಕಾಗುತ್ತಾ ಡಾಕ್ಟರ್ ವೋರ್ಮ್ಸರ್?" ಕೊಯ್ಯೋ ಮೇಜಿನ ಮೇಲಿರೋ ಕಪ್ಪೆನ ಕೇಳ್ದಂಗೆ! ಕಪ್ಪೆ ಏನಂತು? "ಖಂಡಿತ ಆಗುತ್ತೆ ಸ್ವಾಮಿ, ನನಗದು ಬರೀ ಅಧ್ಯಯನದ ವಿಷಯ" ಅಂತು. ಚಾಕುನೂ ತಾನೇ ಹಿಡ್ಕೊಂತು. ಹಾಗನ್ನದೆ ಇನ್ನೇನು ಮಾಡ್ಲಿ? ನನ್ನ ಹಿಂದೆನೇ ಒಬ್ಬ ಪಾದ್ರಿ ಮಗ ಕಾಯ್ತಾ ಕೂತಿದ್ದ. ಇವತ್ತು ನಾನು ಎಡವಿದ್ರೆ ಸಾಕು, ನೋಡಿದ್ರಾ, ಯೆಹೂದಿಗೆ ಕೊಟ್ರೆ ಹೀಗೇ ಆಗೋದು ಅಂತಾರೆ.

...ಕೋಟಲ್ಲಿ ಏನು ನೋಡ್ತೀರಿ? ಇದಾ? ಬಾಗಿಲ ಹಿಡಿಕೆಗೆ ಸಿಕ್ಕಿ ಹರಿದೋಯ್ತು. ಪಿನ್ ಹಾಕಿದೀನಿ. ಡೀನ್ ಕೊಡೋ ಹೂವನ್ನ ಇದರ ಮೇಲೆ ಹಿಡ್ಕೊಂಡ್ರೆ ಯಾರಿಗೂ ಕಾಣಲ್ಲ. ಹಾಗೆ ನೋಡಬೇಡಿ ಮಾಮ! ಬಾಗಿಲ ಹಿಡಿಕೆ ಅಂದ್ನಲ್ಲ.

ಕೈಲಿ ಏನು ಪೊಟ್ಟಣ? ಕೊಡಿ... ಬೇಯಿಸಿದ ಮೊಟ್ಟೆ! ಹ್ಹ! ಇಷ್ಟು ದೂರ ಇದನ್ನ ಹೊತ್ಕೊಂಡು ಬಂದ್ರಾ? ನಮ್ಮ ಕ್ಯಾಂಟೀನಲ್ಲಿ ಸಾಸೇಜ್ ಕೊಡ್ತಾರೆ, ಹಂದಿದು, ಸಂಶೋಧನೆಗೆ ಬೇಕಾದ್ರೆ... ಇಲ್ಲ, ಇಲ್ಲ, ತಮಾಷೆಗಂದೆ. ಹಸಿವಿಲ್ಲ ನನಗೆ. ಮೇಜಿನ ಮೇಲಿಡಿ. ಆಮೇಲೆ ತಿಂತೀನಿ.

ಇವತ್ತಿನ ವಿಷಯ ಏನು ಗೊತ್ತಾ? 'ರೈನ್ ತೀರದ ಯೆಹೂದಿಗಳ ಸೂತಕದ ಆಚಾರಗಳು.' ಅಯ್ಯೋ, ಮೂರು ತಿಂಗಳ ಹಿಂದೇ ಗೊತ್ತು ಮಾಡಿದ್ದು! ಅಪ್ಪ ಹೇಳಿದ್ದೇ ಅರ್ಧ ಅದರಲ್ಲಿರೋದು. ನಾನು ಕೇಳೋದು, ಅವರು ಬೈಕೊಂಡು ಹೇಳೋದು. ಅಡಿಟಿಪ್ಪಣಿಯಲ್ಲಿ 'ಒಬ್ಬ ವೃದ್ಧ ಮಾಹಿತಿದಾರ' ಅಂತ ಹಾಕಿದೀನಿ. ಹೆಸರು ಹಾಕಿದ್ರೆ ಮನೆ ಮಾತಾಗಿಬಿಡುತ್ತಲ್ಲ, ವಿಜ್ಞಾನ ಆಗಲ್ಲ. ಅಪ್ಪ ನಿಮ್ಮ ಹತ್ರ ಏನಂತಿದ್ರು? "ನನ್ನ ಮಗ ಯೆಹೂದಿಗಳ ಡಾಕ್ಟರು. ರೋಗಿ ಸತ್ತ ಮೇಲೆ ಬರೋ ಡಾಕ್ಟರು." ಅಂತಿದ್ರು ತಾನೇ? ಅಂತಿದ್ರು... ಅಂತಾರೆ...

ಮಾಮ, ಏನಾದ್ರೂ ಮಾತಾಡಿ. ಬೈಯಿರಿ ಬೇಕಾದ್ರೆ! ಬೋಳಿಸಿದ ಗಡ್ಡ ನೋಡಿ ಬೈಯಿರಿ. ನೀವು ಸುಮ್ಮನಿರೋ ಆಸಾಮಿನೇ ಅಲ್ಲ, ಅಪ್ಪನ ಜೊತೆ ಚದುರಂಗ ಆಡೋವಾಗ ಬೀದಿಗೆಲ್ಲ ಕೇಳಿಸ್ತಿತ್ತು ನಿಮ್ಮ ಗಂಟಲು. ಈಗ ಬಂದಾಗಿಂದ ಒಂದು ಮಾತಿಲ್ಲ. ಅಷ್ಟು ತಗ್ಗಲ್ಲಿ ಕೂತ್ಕೊಂಡು, ಮೊಟ್ಟೆ ತಂದ್ಕೊಂಡು, ಬಾಯಿ ಮುಚ್ಕೊಂಡು...

ಓ.

ಓಹೋ. ಗೊತ್ತಾಯ್ತು. 'ಸೂತಕದಲ್ಲಿ ತಗ್ಗಿನಲ್ಲೇ ಕೂರಬೇಕು; ಮೊದಲ ಊಟಕ್ಕೆ ನೆರೆಯವರು ಬೇಯಿಸಿದ ಮೊಟ್ಟೆ ತರಬೇಕು. ಸಾವಿನ ಮನೆಗೆ ಹೋದವರು ತಾವಾಗಿ ಬಾಯಿ ತೆರೆಯಬಾರದು. ದುಃಖದಲ್ಲಿರುವವನು ಮೊದಲು ಮಾತಾಡಬೇಕು.' ನಾನೇ ಬರೆದಿದ್ದು, ಮಾಮ. ಇವತ್ತು ಮೇಯರಿಗೆ ಓದಿ ಹೇಳೋನಿದ್ದೆ.

ಮತ್ತೆ ಇಷ್ಟು ಹೊತ್ತು ಮಾತಾಡಿದ್ದು? ಅದು ಲೆಕ್ಕಕ್ಕಿಲ್ವಾ?... ಇಲ್ಲ. ಇಲ್ಲ, ಅದು ಪಾಠ.

ಬಾಗಿಲು ಬಡೀತಿದಾರೆ. ಡೀನ್ ಇರಬೇಕು. ಅವರಿಗೆ ಗೊತ್ತಿಲ್ಲ, ಯಾರಿಗೂ ಹೇಳಿಲ್ಲ ನಾನು. ಸ್ಮಶಾನದಿಂದ ನೆಟ್ಟಗೆ ಇಲ್ಲಿಗೇ ಬಂದುಬಿಟ್ಟೆ. ನೀವೆಲ್ಲ ಮನೇಲಿ ಮೊಟ್ಟೆ ಬೇಯಿಸ್ಕೊಂಡು ನನಗೋಸ್ಕರ ಕಾಯ್ತಾ ಇದ್ರಿ, ಅಲ್ವಾ? ಬಡೀಲಿ ಬಿಡಿ. ಪಾದ್ರಿ ಮಗನೇ ಮಾಡ್ಲಿ ಪಾಠ, ಅವನ ಹೀಬ್ರೂ ನನಗಿಂತ ಶುದ್ಧ. ಸ್ವಲ್ಪ ಸರೀರಿ ಮಾಮ, ನಾನೂ ತಗ್ಗಲ್ಲೇ, ನೆಲದ ಮೇಲೆ ಕೂರ್ತೀನಿ. ಈ ಪಿನ್ನು... ನೀವೇ ತೆಗೀರಿ. ಬಾಗಿಲ ಹಿಡಿಕೆ ಅಲ್ಲ ಮಾಮ. ಬೆಳಿಗ್ಗೆ ಗುಂಡಿ ಪಕ್ಕದಲ್ಲಿ, ಸೂತಕದೋನ ಬಟ್ಟೆ ಹರೀಬೇಕು ಅಂತ ನಿಮ್ಮ ಕೈಯಾರೆ ಕತ್ತರಿ ಹಾಕಿದ್ರಿ. ಎಡಗಡೆ, ಎದೆ ಮೇಲೆ.

ಅಪ್ಪ ಹೋಗ್ಬಿಟ್ರು, ಕೋಪೆಲ್ ಮಾಮ.

...ಈಗ ಮಾತಾಡಿ.