ಸಭಾಂಗಣಕ್ಕೆ ಬಂದ ತಂಪು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ನನ್ನ ತಮ್ಮನೇ, ಮತ್ತು ಸಭಿಕರೇ,

ನಮ್ಮ ಸಂಶೋಧನಾಲಯದ ಕಂಪ್ಯೂಟರ್ ಕೊಠಡಿ ಇಷ್ಟು ವರ್ಷ ಒಮ್ಮೆಯೂ ನಿಲ್ಲದಂತೆ ನೋಡಿಕೊಂಡೆನೆಂದು ನನಗೆ ಈ ಸನ್ಮಾನ. ಆ ಕೊಠಡಿಯ ಮಹತ್ವವನ್ನು ನಾಲ್ಕು ಮಾತಿನಲ್ಲಿ ತಿಳಿಸಬೇಕೆಂದು ಅಧ್ಯಕ್ಷರ ಅಪ್ಪಣೆ. ಏನೆಂದು ತಿಳಿಸಲಿ? ಎಲ್ಲವೂ ಸರಿಯಿದ್ದಾಗ ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಸಾಲು ಕಪಾಟುಗಳು, ಮಿಣುಕುವ ದೀಪಗಳು, ಕಿವಿಗಡಚಿಕ್ಕುವ ಸದ್ದು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು "ಇಷ್ಟೇನಾ?" ಎಂದು ಕೇಳಿ, ಆಮೇಲೆ ಸ್ವೆಟರ್ ಕೇಳಿದರು. ಅಷ್ಟು ಚಳಿ ಅಲ್ಲಿ. ಆ ಚಳಿ ತಪ್ಪಿದರೆ ಯಂತ್ರಗಳು ಉಳಿಯುವುದಿಲ್ಲ.

ನನ್ನ ಮಗಳು ಹೇಳುತ್ತಾಳೆ, "ನಂಗೆ ಜ್ವರ ಬಂದ್ರೆ ಅಮ್ಮಂಗೆ ಗೊತ್ತಾಗಲ್ಲ, ಕಂಪ್ಯೂಟರಿಗೆ ಬಂದ್ರೆ ಗೊತ್ತಾಗತ್ತೆ." ನೀವು ನಗುತ್ತಿದ್ದೀರಿ. ಅವಳು ನಗುತ್ತ ಹೇಳಿದ ಮಾತಲ್ಲ ಅದು.

ಅಂಥದ್ದೇನಿದೆ ಅಲ್ಲಿ? ನನ್ನ ತಮ್ಮ ಮಕ್ಕಳ ವೈದ್ಯ. ದಿನ ತುಂಬದೆ ಹುಟ್ಟಿದ ಕೂಸುಗಳ ಎದೆಬಡಿತವನ್ನು ವರ್ಷಗಟ್ಟಲೆ ಆ ಯಂತ್ರಗಳಲ್ಲೇ ದಾಖಲಿಸಿಟ್ಟಿದ್ದಾನೆ. ಯಾವ ಕೂಸಿಗೆ ಅಪಾಯ ಬರಲಿದೆ ಎಂದು ಮುಂಚೆಯೇ ತಿಳಿಯುವ ದಾರಿಯನ್ನು ಅದರಲ್ಲೇ ಹುಡುಕುತ್ತಿದ್ದಾನೆ. ಮೊದಲ ದಾಖಲೆ ಅವನ ಸ್ವಂತ ಮಗಳದು. ಅವಳು ಉಳಿಯಲಿಲ್ಲ. ಅವಳದೆಂದು ಈ ಲೋಕದಲ್ಲಿ ಉಳಿದಿರುವುದು ಆ ಬಡಿತವೊಂದೇ. ಇದನ್ನು ಇಲ್ಲಿ ಹೇಳಬಾರದಿತ್ತೇನೋ, ಕ್ಷಮಿಸಪ್ಪ. ಎಲ್ಲದರ ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿಡೋಣ ಎಂದು ನಾನು ಪ್ರತಿವರ್ಷವೂ ಕೇಳಿದೆ. "ಇರೋದೇ ಚೆನ್ನಾಗಿ ನಡೀತಿದೆಯಲ್ಲಮ್ಮ" ಎಂದರು ಅಧ್ಯಕ್ಷರು. ಚೆನ್ನಾಗಿ ನಡೆದಿದ್ದೇ ತಪ್ಪಾಯಿತೇ?

ಕ್ಷಮಿಸಿ, ನನಗೊಂದು ಅನುಮಾನ. ಈ ಸಭಾಂಗಣದಲ್ಲಿ ಯಾವಾಗಲೂ ಆಮಂತ್ರಣ ಪತ್ರಿಕೆಯಿಂದಲೇ ಗಾಳಿ ಬೀಸಿಕೊಳ್ಳುವವರು ನಾವು. ಇವತ್ತು ಮುಖ್ಯ ಅತಿಥಿಗಳು ಕೈಕಟ್ಟಿ ಮುದುಡಿ ಕೂತಿದ್ದಾರೆ. ಬೆಳಿಗ್ಗೆ ಕಟ್ಟಡದ ಮೇಲ್ವಿಚಾರಕರು ಸಿಕ್ಕಿ, "ನಿಮ್ಮ ಸನ್ಮಾನದಲ್ಲಿ ಯಾರೂ ಬೆವರಲ್ಲ ಮೇಡಂ, ವ್ಯವಸ್ಥೆ ಮಾಡಿದೀನಿ" ಎಂದರು. ಪ್ರೀತಿಯಿಂದ ಹೇಳಿದರು, ನಾನೂ ನಕ್ಕೆ. ಕಂಪ್ಯೂಟರ್ ಕೊಠಡಿಯೂ ಸೇರಿ ಇಡೀ ಕಟ್ಟಡಕ್ಕೆ ತಂಪು ಕೊಡುವ ಯಂತ್ರ ಒಂದೇ. ಹಾಗಾದರೆ ಇಲ್ಲಿಗೆ ಬಂದ ತಂಪು ಎಲ್ಲಿಂದ ಬಂತು?

ಮೊಬೈಲ್ ಸದ್ದು ಮಾಡಬಾರದೆಂದಿರಿ, ನಾನೂ ಸದ್ದಡಗಿಸಿ ಹೆಗಲ ಚೀಲದಲ್ಲಿಟ್ಟೆ. ಮಾತು ಶುರುಮಾಡಿದಾಗಿನಿಂದ ಅದು ಕಂಕುಳಲ್ಲಿ ಅದುರುತ್ತಲೇ ಇದೆ. ಯಾರೋ ಅಭಿನಂದನೆ ಕಳಿಸುತ್ತಿದ್ದಾರೆ ಅಂದುಕೊಂಡೆ. ಈಗ ತೆಗೆದು ನೋಡಿದೆ. ಎಲ್ಲವೂ ಕೊಠಡಿ ಬಿಸಿಯಾಗುತ್ತಿದೆ ಎಂಬ ಎಚ್ಚರಿಕೆಗಳು. ನನಗೆ ಭಯವಾಗುತ್ತಿದೆ. ಈ ಸನ್ಮಾನ ಫಲಕವನ್ನು ಯಾರಾದರೂ ಹಿಡಿದುಕೊಳ್ಳಿ.

ಮೇಲ್ವಿಚಾರಕರೇ, ಈ ತಂಪನ್ನು ಕೂಡಲೇ ಕೊಠಡಿಗೆ ತಿರುಗಿಸಿ. ಇಲ್ಲಿಯ ಕಿಟಕಿ ತೆರೆಯಿರಿ. ತಮ್ಮಾ, ಏಳು, ನನ್ನ ಜೊತೆ ಬಾ. ಉಳಿದವರು ದಯವಿಟ್ಟು ಕೂತಿರಿ, ಚಪ್ಪಾಳೆ ಬೇಡ. ಕೊಠಡಿಯ ಮಹತ್ವ ಕೇಳಿದಿರಲ್ಲ ಅಧ್ಯಕ್ಷರೇ, ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಅಂಗಿಯ ಬೆನ್ನು ಒದ್ದೆಯಾಗುತ್ತದೆ. ಹಾಗೆ ಒದ್ದೆಯಾದರೆ ತಂಪು ಕೊಠಡಿಗೆ ಹೋಯಿತು, ಇನ್ನೂ ತಡವಾಗಿಲ್ಲ ಎಂದು ತಿಳಿಯಿರಿ. ಕೇಳಿಸಿಕೊಂಡವರಿಗೆ ಧನ್ಯವಾದ, ಬೆವರುವವರಿಗೆ ಇನ್ನೂ ದೊಡ್ಡ ಧನ್ಯವಾದ. ನಮಸ್ಕಾರ.